ಮುಕ್ಕಾಲಿಯ ಮೇಲಿನ ಕೋವಿ: ಗುರಿ, ದೂರ ಮತ್ತು ನೆಲ

ಬೇಟೆಯ ರೈಫಲ್ಲನ್ನು ಮುಕ್ಕಾಲಿಯ, ಅಂದರೆ ಟ್ರೈಪಾಡಿನ, ಮೇಲೆ ಕೂರಿಸಿ ನಿಂತೋ ಕುಳಿತೋ ಗುಂಡು ಹಾರಿಸುವ ಪದ್ಧತಿಯು ಅಮೆರಿಕದ ಗುರಿಸ್ಪರ್ಧೆಗಳಲ್ಲಿಯೂ ಟೆಕ್ಸಾಸಿನಂಥ ರಾಜ್ಯಗಳ ರಾತ್ರಿಯ ಹಂದಿಬೇಟೆಯಲ್ಲಿಯೂ ಬಲಿತು, ಈಗ ತನ್ನದೇ ಸಲಕರಣೆಗಳನ್ನೂ ಪಾಠಕ್ರಮವನ್ನೂ ಹೊಂದಿದ ಒಂದು ಶಾಸ್ತ್ರದಂತಾಗಿದೆ. ಕೈ ನಡುಗಿದರೂ ಕೋವಿ ನಡುಗದು ಎಂಬುದು ಅದರ ಪ್ರತಿಪಾದಕರ ಮುಖ್ಯ ವಾದ. ಈ ವಾದದಲ್ಲಿ ಹುರುಳಿದೆ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಂತೆ ಗದ್ದೆ, ಹೊಲ, ಊರುಗಳು ಒಂದಕ್ಕೊಂದು ಅಂಟಿಕೊಂಡಿರುವ ಸೀಮೆಯಲ್ಲಿಟ್ಟು ಪರೀಕ್ಷಿಸಿದರೆ, ಮುಕ್ಕಾಲಿಯು ನಿವಾರಿಸುವ ದೋಷವೇ ಬೇರೆ, ಇಲ್ಲಿ ಅನಾಹುತಕ್ಕೆ ಕಾರಣವಾಗಬಲ್ಲ ದೋಷವೇ ಬೇರೆ ಎಂಬುದು ತಿಳಿಯುತ್ತದೆ.

ಮೊದಲು ತಂತ್ರವನ್ನೇ ನೋಡಬೇಕು. ಮುಕ್ಕಾಲಿಯು ಕೋವಿಯ ಮುಂಭಾಗವನ್ನು ಮಾತ್ರ ಹಿಡಿದಿಡುತ್ತದೆ. ಭುಜಕ್ಕೆ ಆನಿಸುವ ಬುಡವು ಉಸಿರಿನೊಂದಿಗೆ, ನಾಡಿಯೊಂದಿಗೆ, ಟ್ರಿಗರ್ ಎಳೆಯುವ ಬೆರಳಿನೊಂದಿಗೆ ಅಲುಗುತ್ತಲೇ ಇರುತ್ತದೆ. ಆಧಾರಬಿಂದುವಿನಿಂದ ಬುಡಕ್ಕೆ 70 ಸೆಂಟಿಮೀಟರ್ ಅಂತರವಿದೆಯೆಂದು ಇಟ್ಟುಕೊಂಡರೆ, ಬುಡವು ಕೇವಲ ಒಂದು ಮಿಲಿಮೀಟರ್ ಸರಿದಾಗ 100 ಮೀಟರ್ ಆಚೆ ಗುಂಡು ಸುಮಾರು 14 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಆದ್ದರಿಂದಲೇ ಬಲ್ಲವರು ಕಾಲುಗಳನ್ನು ಅಗಲವಾಗಿ ಹರಡಿ, ನಡುಗಂಬವನ್ನು ಮೇಲೆತ್ತದೆ, ಮೈಭಾರವನ್ನು ತುಸು ಮುಂದಕ್ಕೆ ಚಾಚಿ, ಬುಡದ ಕೆಳಗೂ ಮೊಣಕೈಗೂ ಬೇರೊಂದು ಆಸರೆ ಒದಗಿಸಿಕೊಳ್ಳುತ್ತಾರೆ. ಸ್ನಾಯುಗಳನ್ನು ಬಿಗಿಹಿಡಿದು ನಳಿಗೆಯನ್ನು ಗುರಿಯತ್ತ ತಳ್ಳುವ ಬದಲು, ದೇಹ ಸಡಿಲವಾಗಿದ್ದಾಗ ಕೋವಿ ತಾನಾಗಿ ಯಾವ ಕಡೆ ನೋಡುತ್ತದೆಯೋ ಆ ಕಡೆಗೇ ಗುರಿ ಬರುವಂತೆ ಪಾದಗಳ ನಿಲುವನ್ನು ಬದಲಿಸುತ್ತಾರೆ. ಮುಕ್ಕಾಲಿ ಕೊಂಡವರೆಲ್ಲರೂ ಈ ಶಿಸ್ತನ್ನೂ ಕೊಂಡಿರುವುದಿಲ್ಲವಾದ್ದರಿಂದ, ಅದರ ಕೀರ್ತಿಯಲ್ಲಿ ಒಂದು ಪಾಲು ವಾಸ್ತವವಾಗಿ ಅಭ್ಯಾಸಕ್ಕೆ ಸಲ್ಲಬೇಕಾದದ್ದು. ಇದೇ ಬಗೆಯ ಕಾಲುಗಳ ಮೇಲೆ, ಇದೇ ಬಗೆಯ ಬಾಲ್‌ಹೆಡ್ ಹಿಡಿಕೆಯಲ್ಲಿ, ರಂಗನತಿಟ್ಟು ಪಕ್ಷಿಧಾಮದ ದಡದಲ್ಲಿ ದಿನವೂ ಕ್ಯಾಮೆರಾಗಳು ನಿಲ್ಲುತ್ತವೆ. ಆದರೆ ಕ್ಯಾಮೆರಾ ಒದೆಯುವುದಿಲ್ಲ.

ಇನ್ನು ಮೊದಲು ಹೆಸರಿಸಿದ ತಾಲ್ಲೂಕುಗಳಲ್ಲಿ ವಿನೋದದ ಬೇಟೆಗೆ ಕಾನೂನಿನಲ್ಲಿ ಎಡೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಅದನ್ನು ನಿಷೇಧಿಸಿದೆ. 1940ರಲ್ಲಿ ರಂಗನತಿಟ್ಟು, 1974ರಲ್ಲಿ ಮೇಲುಕೋಟೆ, 1981ರಲ್ಲಿ ನಾಗಮಂಗಲದ ಆದಿಚುಂಚನಗಿರಿ ಹೀಗೆ ಪಕ್ಷಿ, ತೋಳ, ನವಿಲುಗಳ ಹೆಸರಿನಲ್ಲಿ ಇಲ್ಲಿಯ ಮೂರು ತಾಣಗಳು ಅಭಯಾರಣ್ಯಗಳಾಗಿವೆ. ಉಳಿದಿರುವುದು ಬೆಳೆಹಾನಿಯ ಪ್ರಶ್ನೆ. ಕಾಡುಹಂದಿಯಂಥ ಪ್ರಾಣಿ ಮನುಷ್ಯನ ಜೀವಕ್ಕೋ ನಿಂತ ಪೈರಿಗೋ ಅಪಾಯವಾದಾಗ, ಅಧಿಕಾರವುಳ್ಳ ಅರಣ್ಯಾಧಿಕಾರಿಯು ಕಾರಣಗಳನ್ನು ಬರೆದಿಟ್ಟು ಅದನ್ನು ಕೊಲ್ಲಲು ಅನುಮತಿ ಕೊಡಬಹುದೆಂದು ಅದೇ ಕಾಯ್ದೆಯ 11ನೇ ಕಲಮು ಹೇಳುತ್ತದೆ. ಹಾಗೆ ಅನುಮತಿ ದೊರೆತರೂ ಪರವಾನಗಿದಾರನ ಕೈಯಲ್ಲಿ ಇರಬಹುದಾದದ್ದು ಚರೆಗುಂಡಿನ 12 ಬೋರ್ ಕೋವಿ, ಅಪರೂಪಕ್ಕೆ ಇಶಾಪುರದ ಕಾರ್ಖಾನೆಯ .315 ರೈಫಲ್. ಚರೆಗುಂಡಿನ ಕೋವಿಗೆ ಮುಕ್ಕಾಲಿ ಬೇಕಿಲ್ಲ, ಏಕೆಂದರೆ ಅದರ ಕಾಳುಗಳು ಮೂವತ್ತು ನಲವತ್ತು ಮೀಟರ್ ಸಾಗುವಷ್ಟರಲ್ಲಿ ಚದುರಿಬಿಡುತ್ತವೆ. ಮುಕ್ಕಾಲಿಯಿಂದ ಲಾಭ ಪಡೆಯುವುದು ರೈಫಲ್. ಕಿಲೋಮೀಟರುಗಟ್ಟಲೆ ದೂರ ಹೋಗಬಲ್ಲದ್ದೂ ಅದರ ಗುಂಡೇ.

ಇಲ್ಲಿಯೇ ಪದ್ಧತಿಯ ದೊಡ್ಡ ಕೊರತೆ ಇದೆ. ಸಮತಟ್ಟಾದ ನೆಲದಲ್ಲಿ ಒಂದೂವರೆ ಮೀಟರ್ ಎತ್ತರದ ಮುಕ್ಕಾಲಿಯಿಂದ 100 ಮೀಟರ್ ದೂರದ, ಅರ್ಧ ಮೀಟರ್ ಎತ್ತರದಲ್ಲಿರುವ ಹಂದಿಯ ಎದೆಗೆ ಗುರಿಯಿಟ್ಟರೆ, ತಪ್ಪಿದ ಅಥವಾ ಮೈಯನ್ನು ತೂರಿ ಹೊರಟ ಗುಂಡು ಇನ್ನೂ ಸುಮಾರು ಐವತ್ತು ಮೀಟರ್ ಹೋದಮೇಲೆ ನೆಲ ಮುಟ್ಟುತ್ತದೆ; ಮುಟ್ಟುವ ಕೋನವೂ ಬಹಳ ಕಿರಿದಾದ್ದರಿಂದ ಮಣ್ಣಿನಲ್ಲಿ ಹೂತುಹೋಗದೆ ಪುಟಿದು ಮತ್ತೆಲ್ಲಿಗೋ ಹಾರುವ ಸಂಭವವೇ ಹೆಚ್ಚು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಆ ಐವತ್ತು ಮೀಟರಿನ ಆಚೆ ಎತ್ತರದ ಕಬ್ಬಿರುತ್ತದೆ, ಕಬ್ಬಿನ ಮರೆಯಲ್ಲಿ ರಾತ್ರಿ ನೀರು ಕಟ್ಟುವವನಿರುತ್ತಾನೆ. ಮೇಲುಕೋಟೆಯ ಸುತ್ತಿನಂತೆ ಬಂಡೆ ತೇಲಿದ ನೆಲದಲ್ಲಿ ಪುಟಿಯುವ ಭಯ ಇನ್ನೂ ಹೆಚ್ಚು. ಇದಕ್ಕೆ ಪ್ರತಿಯಾಗಿ ರಾಗಿ ಹೊಲದ ಕಾವಲಿಗೆ ಹಾಕುತ್ತಿದ್ದ ಅಟ್ಟಣೆಯನ್ನು ಗಮನಿಸಬಹುದು: ನಾಲ್ಕು ಮೀಟರ್ ಎತ್ತರದಿಂದ ಮೂವತ್ತು ಮೀಟರ್ ದೂರಕ್ಕೆ ಹೊಡೆದ ಗುಂಡು ಪ್ರಾಣಿಯ ಹಿಂದೆ ನಾಲ್ಕೈದು ಮೀಟರಿನೊಳಗೇ ಮಣ್ಣು ಸೇರುತ್ತದೆ. ಮುಕ್ಕಾಲಿ ಕೋವಿಯ ಅಲುಗಾಟವನ್ನು ತಡೆಯುತ್ತದೆ, ಅಟ್ಟಣೆ ಗುಂಡಿನ ಓಟವನ್ನು ತಡೆಯುತ್ತದೆ. ಹಳೆಯದೆಂದು ಕೈಬಿಟ್ಟ ಸಾಧನವೇ ಈ ಒಂದು ಅಂಶದಲ್ಲಿ ಹೊಸದಕ್ಕಿಂತ ಮೇಲು.

ದೂರದಿಂದ ಹೊಡೆಯಬಲ್ಲೆನೆಂಬ ಹೆಮ್ಮೆಯು ಬೇಟೆಯ ಬರಹಗಳಲ್ಲಿ ಯಾವಾಗಲೂ ಇದ್ದದ್ದಲ್ಲ. ಮೈಸೂರು ಸಂಸ್ಥಾನದಲ್ಲಿ ನಾಲೆಗಳ ಉಸ್ತುವಾರಿಯಲ್ಲಿದ್ದು, ಮುಂದೆ ಆನೆ ಹಿಡಿಯುವ ಖೆಡ್ಡಾದಿಂದ ಹೆಸರಾದ ಜಿ.ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ದೊಡ್ಡ ಬೋರಿನ ಭಾರಿ ಕೋವಿಗಳ ಪರವಾಗಿ ವಾದಿಸಿದ್ದರೂ, ಆನೆಯ ವಿಷಯದಲ್ಲಿ ಅವನು ನಂಬಿದ್ದು ಹತ್ತಿರ ಸೇರುವುದನ್ನೇ. ಅವನ ಬೇಟೆಯನ್ನು ಇಂದು ಸಮರ್ಥಿಸುವ ಅಗತ್ಯವಿಲ್ಲ. ಆದರೆ ಸಲಕರಣೆಯನ್ನು ಹತ್ತಿರ ಸೇರುವುದಕ್ಕೆ ಬದಲಿಯಾಗಿ ಬಳಸದ ಅವನ ವಿವೇಕ, ಮುಕ್ಕಾಲಿಯ ಇಂದಿನ ಪ್ರಚಾರಕರಲ್ಲಿ ಕಾಣಸಿಗುವುದು ಕಡಿಮೆ.

ಮುಕ್ಕಾಲಿಗೆ ಇಲ್ಲಿ ನಿಜವಾದ ಕೆಲಸವಿರುವುದು ಅರಿವಳಿಕೆ ಕೋವಿಯೊಂದಿಗೆ. ಮದ್ದು ತುಂಬಿದ ಸೂಜಿಬಾಣವನ್ನು ಅನಿಲದ ಒತ್ತಡದಿಂದ ಹಾರಿಸಿ ಪ್ರಾಣಿಯ ತೊಡೆ ಅಥವಾ ಭುಜದ ಸ್ನಾಯುವಿಗೆ ನಾಟಿಸುವ ಈ ಕೋವಿ ಪಶುವೈದ್ಯರ ಸಾಧನ. ಕಬ್ಬಿನ ಗದ್ದೆಗಳಲ್ಲಿ ಚಿರತೆ ನೆಲೆಯೂರಿರುವ, 2022ರ ನವೆಂಬರಿನಲ್ಲಿ ಚಿರತೆಯ ಕಾರಣಕ್ಕಾಗಿಯೇ ಕೆಆರ್‌ಎಸ್ ಅಣೆಕಟ್ಟೆಯ ಬೃಂದಾವನ ಉದ್ಯಾನವನ್ನು ಪ್ರವಾಸಿಗರಿಗೆ ಮುಚ್ಚಬೇಕಾಗಿ ಬಂದ ಈ ಪ್ರದೇಶದಲ್ಲಿ ಅದು ದೂರದ ಮಾತಲ್ಲ. ಆದರೆ ಲೆಕ್ಕ ಇಲ್ಲಿ ಬೇರೆಯಾಗುತ್ತದೆ. ಬಾಣವು ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ಹೊರಟಿತೆಂದು ಭಾವಿಸಿದರೆ, 30 ಮೀಟರ್ ತಲುಪುವಷ್ಟರಲ್ಲಿ ಅದು ಸುಮಾರು 90 ಸೆಂಟಿಮೀಟರ್ ಕೆಳಕ್ಕೆ ಇಳಿದಿರುತ್ತದೆ. 25 ಮೀಟರಿಗಾದರೆ ಇಳಿತ 60 ಸೆಂಟಿಮೀಟರಿನ ಆಸುಪಾಸು. ದೂರವನ್ನು ಅಂದಾಜಿಸುವಲ್ಲಿ ಐದು ಮೀಟರ್ ತಪ್ಪಿದರೆ ಬಾಣ ಒಂದು ಗೇಣಿಗೂ ಹೆಚ್ಚು ಮೇಲೋ ಕೆಳಗೋ ಹೋಗಿ, ತೊಡೆಗೆ ಬೀಳಬೇಕಾದದ್ದು ಹೊಟ್ಟೆಗೆ ಬೀಳಬಹುದು; ಬಂಡೆಯಂತೆ ನಿಂತ ಮುಕ್ಕಾಲಿಯೂ ಈ ತಪ್ಪನ್ನು ತಿದ್ದಲಾರದು. ಅನಿಲದ ಒತ್ತಡವನ್ನೂ ದೂರಕ್ಕೆ ತಕ್ಕಂತೆ ಹೊಂದಿಸಬೇಕಾಗಿರುವುದರಿಂದ, ಹತ್ತಿರದ ಪ್ರಾಣಿಯನ್ನು ದೂರದ್ದೆಂದು ಎಣಿಸಿ ಹಾರಿಸಿದ ಬಾಣ ಮೂಳೆಗೇ ಪೆಟ್ಟು ಮಾಡೀತು.

ಹಾಗಿದ್ದೂ ಮುಕ್ಕಾಲಿ ಇಲ್ಲಿ ಉಪಯುಕ್ತವಾಗುವುದು ನಿಖರತೆಗಿಂತ ಹೆಚ್ಚಾಗಿ ಕಾಯುವಿಕೆಗೆ. ಬಾಣ ಹಾರುವ ಅರ್ಧ ಸೆಕೆಂಡಿನಷ್ಟು ಹೊತ್ತಿನಲ್ಲಿ ನಡೆಯುತ್ತಿರುವ ಪ್ರಾಣಿ ಒಂದು ಮೊಳದಷ್ಟು ಸರಿದುಬಿಡುವುದರಿಂದ, ಅದು ನಿಂತು, ಪಕ್ಕೆ ತೋರುವವರೆಗೆ ತಡೆಯಲೇಬೇಕು. ಕೋವಿಯ ಭಾರವನ್ನು ತೋಳಿನಿಂದ ಇಳಿಸಿಕೊಂಡ ವೈದ್ಯ ಅಷ್ಟು ಹೊತ್ತು ತಡೆಯಬಲ್ಲ, ದೂರಮಾಪಕದಿಂದ ಎರಡನೆಯ ಸಲ ಅಳೆಯಬಲ್ಲ, ಬೇಡವೆನಿಸಿದರೆ ಹೊಡೆಯದೆಯೂ ಇರಬಲ್ಲ. ಆದರೆ ಮುಕ್ಕಾಲಿಯನ್ನು ಬಳಸಲು ಅವನಿಗೆ ತೆರವಾದ ನೆಲ ಬೇಕು, ಪ್ರಾಣಿಯ ಸುತ್ತ ಕೂಗುವ ಗುಂಪು ಇರಬಾರದು. ಕಬ್ಬಿನ ಸಾಲುಗಳ ನಡುವೆ ಮೂರು ಕಾಲುಗಳನ್ನು ಹರಡಲು ಸ್ಥಳ ಸಿಗದಿದ್ದಾಗ ಜೀಪಿನ ಬಾನೆಟ್ಟಿನ ಮೇಲಿಟ್ಟ ಮರಳಿನ ಚೀಲವೇ ಮುಕ್ಕಾಲಿಯ ಕೆಲಸವನ್ನು ಮಾಡಬೇಕಾಗುತ್ತದೆ.