ಪೆಡಲ್ ಸ್ಟೀಲಿನ ಮೊದಲ ಪಾಠ ಅದರ ಅಡಿಯಲ್ಲಿದೆ

ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ 1954ರಲ್ಲಿ ಅಮೆರಿಕದ ತುಂಬ ಜನಪ್ರಿಯವಾದಾಗ, ಅಲ್ಲಿನ ಸ್ಟೀಲ್ ಗಿಟಾರ್ ವಾದಕರು ಕಿವಿ ನಿಮಿರಿಸಿ ಕೇಳಿದ್ದು ಅದರಲ್ಲಿದ್ದ ಬಡ್ ಐಸಾಕ್ಸ್ ಅವರ ವಾದನವನ್ನು. ಪೆಡಲ್ ಇರುವ ಸ್ಟೀಲ್ ಗಿಟಾರ್ ಆ ಹೊತ್ತಿಗೆ ಹೊಸದೇನೂ ಆಗಿರಲಿಲ್ಲ. ಗಿಬ್ಸನ್ ಕಂಪನಿಯ ಎಲೆಕ್ಟ್ರಾಹಾರ್ಪ್ ಒಂದು ದಶಕಕ್ಕೂ ಮೊದಲೇ ಬಂದಿತ್ತು. ಆದರೆ ಅಲ್ಲಿಯವರೆಗೆ ಹೆಚ್ಚಿನವರ ಪಾಲಿಗೆ ಪೆಡಲ್ ಎಂದರೆ ಒಂದು ಶ್ರುತಿಯಿಂದ ಇನ್ನೊಂದಕ್ಕೆ ಬೇಗ ದಾಟಿಕೊಳ್ಳುವ ಅನುಕೂಲವಷ್ಟೇ. ಐಸಾಕ್ಸ್ ತಂತಿ ಮೀಟಿದರು, ನಾದ ಇನ್ನೂ ಮೊಳಗುತ್ತಿರುವಾಗಲೇ ಪೆಡಲ್ ತುಳಿದರು. ಸ್ವರಗುಚ್ಛದ ಕೆಲವು ಸ್ವರಗಳು ಕೇಳುತ್ತಿದ್ದಂತೆಯೇ ಮೇಲಕ್ಕೆ ಜಾರಿದವು, ಉಳಿದವು ಅಲುಗಲಿಲ್ಲ. ಮುಂದೆ ಇನ್ನೊಬ್ಬ ಸ್ಟೀಲ್ ವಾದಕ ಬಡ್ಡಿ ಎಮನ್ಸ್ ಆ ಒಂದು ಪೆಡಲಿನ ಕೆಲಸವನ್ನು ಎರಡು ಪೆಡಲುಗಳಿಗೆ ಹಂಚಿದರು, ಶ್ರುತಿಗೆ ಎರಡು ತಂತಿಗಳನ್ನೂ ಕೂಡಿಸಿದರು. ನ್ಯಾಶ್‌ವಿಲ್‌ನ ಸಂಗೀತ ಎಂದೊಡನೆ ನೆನಪಾಗುವ ಆ ಕರಗುವ ದನಿ ಹೀಗೆ ರೂಪುಗೊಂಡಿತು. ಇಲ್ಲಿ ಹೊಸ ಸಂಗೀತ ಹುಟ್ಟಿದ್ದೇ ವಾದ್ಯದ ಹೊಟ್ಟೆಯೊಳಗಿನ ಯಂತ್ರದಿಂದ. ಆದ್ದರಿಂದ ಇದನ್ನು ಕಲಿಯಲು ಹೊರಟವರು ಮೊದಲ ಹಾಡಿಗೂ ಮುನ್ನ ವಾದ್ಯದ ಅಡಿಭಾಗವನ್ನು ಓದಲು ಕಲಿಯಬೇಕು. ನುಡಿಸುವ ಜ್ಞಾನ ಮತ್ತು ಕಾಪಾಡುವ ಜ್ಞಾನ ಈ ವಾದ್ಯದಲ್ಲಿ ಒಂದೇ ಎಂಬುದು ನನ್ನ ವಾದ.

ಯಂತ್ರ ಏನು ಮಾಡುತ್ತದೆ ಎಂಬುದನ್ನು ನಮ್ಮ ಸ್ವರಗಳಲ್ಲೇ ಹೇಳಬಹುದು. ಹತ್ತು ತಂತಿಗಳ ಸಾಮಾನ್ಯ ‘ಇ ನೈನ್ತ್’ ಶ್ರುತಿಯಲ್ಲಿ ಇ ಸ್ವರವನ್ನು ಷಡ್ಜವೆಂದು ಹಿಡಿಯೋಣ. ಆಗ ಜಿ ಶಾರ್ಪ್ ಅಂತರ ಗಾಂಧಾರ, ಬಿ ಪಂಚಮ. ಮೊದಲ ಪೆಡಲ್ ಪಂಚಮವನ್ನು ಚತುಶ್ರುತಿ ಧೈವತಕ್ಕೆ ಏರಿಸುತ್ತದೆ, ಎರಡನೆಯದು ಗಾಂಧಾರವನ್ನು ಶುದ್ಧ ಮಧ್ಯಮಕ್ಕೆ. ಎರಡನ್ನೂ ಒಟ್ಟಿಗೆ ತುಳಿದರೆ ಸ-ಗ-ಪ ಇದ್ದದ್ದು ಸ-ಮ-ಧ ಆಗುತ್ತದೆ; ಎಡಗೈಯ ಉಕ್ಕಿನ ಬಾರ್ ಇದ್ದಲ್ಲೇ ಇರುತ್ತದೆ. ಮೊಣಕಾಲುಗಳಿಂದ ಎಡಕ್ಕೂ ಬಲಕ್ಕೂ ತಳ್ಳುವ ಲಿವರುಗಳು ಷಡ್ಜವನ್ನೇ ಅರ್ಧಸ್ವರ ಮೇಲೆ ಅಥವಾ ಕೆಳಗೆ ಒಯ್ಯುತ್ತವೆ. ನಮ್ಮ ಚಿತ್ರವೀಣೆಯನ್ನು ಕೇಳಿದವರಿಗೆ, ವಿಶ್ವಮೋಹನ ಭಟ್ಟರ ಮೋಹನವೀಣೆಯನ್ನು ಬಲ್ಲವರಿಗೆ, ಮೆಟ್ಟಿಲು ಮುಟ್ಟದೆ ತಂತಿಯ ಮೇಲೆ ಜಾರುವ ನಾದ ಹೊಸದಲ್ಲ. ಜಾರುವ ಬಾರ್ ಮಾತ್ರ ಇದ್ದರೆ ಅದು ತನ್ನ ಅಡಿಯ ತಂತಿಗಳನ್ನೆಲ್ಲ ಒಂದೇ ಅಳತೆಯಲ್ಲಿ ಸರಿಸುತ್ತದೆ. ಅಲ್ಲಿ ಗಮಕವೆಲ್ಲ ಒಂದೇ ಎಳೆಯದು. ಪೆಡಲ್ ಸ್ಟೀಲ್ ಆ ಕಟ್ಟನ್ನು ಬಿಡಿಸಿತು: ಒಂದು ಎಳೆ ನಿಂತಿರುತ್ತದೆ, ಇನ್ನೊಂದು ಏರುತ್ತದೆ, ಮತ್ತೊಂದು ಇಳಿಯುತ್ತದೆ. ಒಂದೇ ಜಿ ಮೇಜರ್ ಸ್ವರಗುಚ್ಛ ಮೂರನೆಯ ಫ್ರೆಟ್ಟಿನಲ್ಲಿ ಪೆಡಲ್ ಇಲ್ಲದೆ ಸಿಗುತ್ತದೆ, ಆರನೆಯದರಲ್ಲಿ ಮೊದಲ ಪೆಡಲ್ ಮತ್ತು ಒಂದು ಲಿವರಿನ ಜೊತೆಗೆ ಸಿಗುತ್ತದೆ, ಹತ್ತನೆಯದರಲ್ಲಿ ಎರಡು ಪೆಡಲುಗಳಿಂದ ಸಿಗುತ್ತದೆ. ಈ ಮೂರು ಮನೆಗಳ ನಡುವಿನ ಓಡಾಟವೇ ಈ ವಾದ್ಯದ ವ್ಯಾಕರಣ. ಆ ವ್ಯಾಕರಣ ಬರೆದಿರುವುದು ಅಡಿಯಲ್ಲಿರುವ ಸರಳು, ಕೀಲು, ತಿರುಪುಗಳಲ್ಲಿ.

ಪೆಡಲಿನಿಂದ ಮೇಲೇರುವ ಸರಳು ಒಂದು ಅಡ್ಡ ದಂಡವನ್ನು ತಿರುಗಿಸುತ್ತದೆ, ದಂಡಕ್ಕೆ ಕಚ್ಚಿರುವ ಸಣ್ಣ ಕೈಗಳು ಉದ್ದನೆಯ ಸರಳುಗಳನ್ನು ಎಳೆಯುತ್ತವೆ, ಅವು ಬಲತುದಿಯ ಚೇಂಜರಿನಲ್ಲಿ ತಂತಿಯನ್ನು ಹಿಡಿದಿರುವ ಬೆರಳಿನಂಥ ತುಂಡನ್ನು ಓಲಿಸುತ್ತವೆ. ಸರಳಿನ ಕೊನೆಯಲ್ಲಿ ನೈಲಾನ್ ನಟ್ಟು. ಬಿಟ್ಟ ತಂತಿಯ ಶ್ರುತಿ ಎಡಗಡೆಯ ಬಿರಡೆಯಲ್ಲಿ ಕೂಡುತ್ತದೆ. ಪೆಡಲ್ ತುಳಿದಾಗ ಬರುವ ಸ್ವರದ ಶ್ರುತಿ ಈ ನಟ್ಟಿನಲ್ಲಿ ಕೂಡುತ್ತದೆ. ಎಮನ್ಸ್ ಕಂಪನಿಯ ಹಳೆಯ ‘ಪುಶ್-ಪುಲ್’ ವಾದ್ಯಗಳಲ್ಲಿ ಈ ಕ್ರಮವೇ ಬೇರೆ, ಅದನ್ನು ತಿಳಿಯದೆ ತಿರುಚಿದವರು ಇಡೀ ವಾದ್ಯದ ಶ್ರುತಿ ಕೆಡಿಸುತ್ತಾರೆ. ಇನ್ನೂ ಸೂಕ್ಷ್ಮವಾದದ್ದಿದೆ. ಪೆಡಲ್ ಒತ್ತಿದಾಗ ಕಾಲಿನ ಬಲ ವಾದ್ಯದ ಮರದ ಒಡಲನ್ನೇ ಕೂದಲೆಳೆಯಷ್ಟು ಬಾಗಿಸುತ್ತದೆ, ಆಗ ಮುಟ್ಟದ ತಂತಿಗಳ ಶ್ರುತಿಯೂ ತುಸು ಇಳಿಯುತ್ತದೆ. ಕಾಲುಗಳನ್ನು ಸಡಿಲವಾಗಿ ತಿರುಗಿಸಿ ನಿಲ್ಲಿಸಿದ್ದರೆ ದೋಷ ಹೆಚ್ಚುತ್ತದೆ. ಇನ್ನು ಗಾಂಧಾರ. ಪಿಯಾನೊದ ಸಮ ಹಂಚಿಕೆಯ ಗಾಂಧಾರ ಸಹಜ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಏರು. ದೀರ್ಘವಾಗಿ ನಿಲ್ಲುವ ಸ್ಟೀಲಿನ ನಾದದಲ್ಲಿ ಆ ಏರು ಕಿವಿಗೆ ಚುಚ್ಚುತ್ತದೆ, ಆದ್ದರಿಂದ ಬಹಳ ಮಂದಿ ವಾದಕರು ಗಾಂಧಾರವನ್ನು ಇಳಿಸಿಯೇ ಕೂಡಿಸುತ್ತಾರೆ. ತಂಬೂರಿಯಲ್ಲಿ ತಾನಾಗಿ ಮೊಳಗುವ ಗಾಂಧಾರ ಕೇಳಿ ಬೆಳೆದ ಕಿವಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಆದರೆ ಆ ಕಿವಿಯ ತೀರ್ಪನ್ನು ಜಾರಿಗೆ ತರಬೇಕಾದದ್ದು ಚೇಂಜರಿನ ತುದಿಯ ನಟ್ಟುಗಳಲ್ಲಿ.

ಸಂಗೀತಗಾರ ಮೆಕ್ಯಾನಿಕ್ ಆಗಬೇಕಿಲ್ಲ ಎಂಬುದು ಮೊದಲ ಆಕ್ಷೇಪ, ಗೌರವಾನ್ವಿತ ಆಕ್ಷೇಪ. ನಮ್ಮ ಹಿರಿಯ ವೈಣಿಕರು ವೀಣೆಗೆ ಮೇಳ ಕಟ್ಟಲು ಕುಶಲಕರ್ಮಿಗಳನ್ನೇ ನಂಬಿದ್ದಾರೆ. ಮೇಣ ಕಾಯಿಸಿ ಮೆಟ್ಟಿಲು ಕೂರಿಸುವುದು ಬೇರೆಯದೇ ವಿದ್ಯೆ. ಅದರಿಂದ ಅವರ ಸಂಗೀತ ಕಿಂಚಿತ್ತೂ ಕಡಿಮೆಯಾಗಲಿಲ್ಲ. ಒಪ್ಪುತ್ತೇನೆ. ಆದರೆ ಒಮ್ಮೆ ಕಟ್ಟಿದ ಮೇಳ ಬಹುಕಾಲ ನಿಲ್ಲುತ್ತದೆ, ನುಡಿಸುವಾಗ ಮೆಟ್ಟಿಲು ಚಲಿಸುವುದಿಲ್ಲ. ಪೆಡಲ್ ಸ್ಟೀಲಿನಲ್ಲಿ ಪ್ರತಿ ವಾಕ್ಯಕ್ಕೂ ಯಂತ್ರ ಚಲಿಸುತ್ತದೆ, ಮರಳಿ ಸ್ವಸ್ಥಾನಕ್ಕೆ ಬರುತ್ತದೆ. ಬಂದಿತೇ ಇಲ್ಲವೇ ಎಂಬುದೇ ಶ್ರುತಿ ಶುದ್ಧವೋ ಅಶುದ್ಧವೋ ಎಂಬ ಪ್ರಶ್ನೆ. ಸ್ವರ ತಪ್ಪಿದಾಗ ತನ್ನ ಬಾರ್ ಓರೆಯಾಯಿತೇ, ಕಾಲು ಪೂರ್ತಿ ಇಳಿಯಲಿಲ್ಲವೇ, ನಟ್ಟು ಸರಿಯಿತೇ ಎಂದು ಬೇರ್ಪಡಿಸಿ ಹೇಳಲಾರದ ಕಲಿಕಾರ್ಥಿ ತಿಂಗಳುಗಟ್ಟಲೆ ತನ್ನ ಕೈಯನ್ನೇ ದೂರುತ್ತಾನೆ, ಇಲ್ಲವೇ ಸರಿ ಇರುವ ಯಂತ್ರವನ್ನು ತಿರುಚುತ್ತಾನೆ. ಮೇಲಾಗಿ ವೀಣೆಗೆ ನಮ್ಮಲ್ಲಿ ಕುಶಲಕರ್ಮಿಗಳಿದ್ದಾರೆ. ಪೆಡಲ್ ಸ್ಟೀಲ್ ಬಲ್ಲ ರಿಪೇರಿಗಾರರು ಭಾರತದಲ್ಲಿ ತೀರ ಅಪರೂಪ, ಅಮೆರಿಕದಲ್ಲೂ ನ್ಯಾಶ್‌ವಿಲ್, ಟೆಕ್ಸಸ್‌ನಂಥ ಕಡೆ ಬಿಟ್ಟರೆ ಊರೂರಿಗೆ ಸಿಗುವವರಲ್ಲ. ಹತ್ತಿರದಲ್ಲಿ ವೈದ್ಯರಿಲ್ಲದ ಊರಿನವರು ಪ್ರಥಮ ಚಿಕಿತ್ಸೆ ಕಲಿಯಲೇಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಹೊಸಬನ ಕೈಗೆ ಸ್ಕ್ರೂಡ್ರೈವರ್ ಕೊಟ್ಟರೆ ವಾದ್ಯ ಉಳಿಯುವುದೇ ಅನುಮಾನ. ಇದರಲ್ಲಿ ಸತ್ಯವಿದೆ. ಈ ವಾದ್ಯಗಳು ಕೆಡುವುದು ನಿರ್ಲಕ್ಷ್ಯದಿಂದ ಎಷ್ಟೋ, ಅತಿ ಉಪಚಾರದಿಂದಲೂ ಅಷ್ಟೇ. ಚೇಂಜರಿಗೆ ಧಾರಾಳವಾಗಿ ಸುರಿದ ಎಣ್ಣೆ ದೂಳನ್ನು ಹಿಡಿದು ಕಾಲಕ್ರಮೇಣ ಅಂಟಾಗುತ್ತದೆ, ಬೆರಳುಗಳು ಹಿಂದಿರುಗುವುದು ನಿಧಾನವಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆಯ ಒಂದು ಹನಿಯನ್ನು ಸೂಜಿಯ ಮೊನೆಯಲ್ಲಿ ಕೀಲಿಗೆ ಮುಟ್ಟಿಸಿದರೆ ಸಾಕು, ಅದೂ ಅಪರೂಪಕ್ಕೆ. ನೈಲಾನ್ ನಟ್ಟನ್ನು ಬಲವಂತವಾಗಿ ತಿರುಗಿಸಿದರೆ ಅದರ ಒಳಮರೆ ಸವೆದು ಹೋಗುತ್ತದೆ. ಆದರೆ ಅಡಿಭಾಗವನ್ನು ಓದುವುದು ಎಂದರೆ ಬಿಚ್ಚುವುದಲ್ಲ. ಮೊದಲ ಕೆಲವು ವಾರ ಕೈಗೆ ಯಾವ ಉಪಕರಣವೂ ಬೇಡ. ಒಂದು ಪೆಡಲನ್ನು ಕೈಯಿಂದ ಒತ್ತಿ, ಯಾವ ದಂಡ ತಿರುಗಿತು, ಯಾವ ಸರಳು ಎಳೆಯಿತು, ಯಾವ ಬೆರಳು ಓಲಿತು, ಯಾವ ತಂತಿ ಬಿಗಿಯಾಯಿತು ಎಂದು ಕಣ್ಣಿನಿಂದ ಹಿಂಬಾಲಿಸುವುದು, ಕಾಗದದಲ್ಲಿ ಬರೆದಿಡುವುದು. ಪೆಡಲುಗಳು, ಲಿವರುಗಳು ಎಲ್ಲವಕ್ಕೂ ಇದನ್ನು ಮಾಡಿದವನಿಗೆ ತನ್ನ ವಾದ್ಯದ ನಕ್ಷೆ ಸಿದ್ಧವಾಗುತ್ತದೆ, ಅದರ ಜೊತೆಗೇ ಸ್ವರಗುಚ್ಛಗಳ ಪಾಠವೂ ಆಗಿರುತ್ತದೆ. ಯಾವುದನ್ನು ಮುಟ್ಟಬಾರದು ಎಂಬ ವಿವೇಕವೂ ಅಲ್ಲೇ ಹುಟ್ಟುವುದು.

ಮೂರನೆಯವರು ಹೇಳುವುದು ಸರಳ ಮಾತು: ನುಡಿಸಿ, ಕೇಸಿನಲ್ಲಿಟ್ಟು, ಬೀಗ ಹಾಕಿ. ದಿನವೂ ಹೊರಗೆ ಒಯ್ಯುವ ವಾದಕರಿಗೆ ಬೇರೆ ದಾರಿಯಿಲ್ಲ. ಮನೆಯಲ್ಲಿ ಕಲಿಯುವವರಿಗೆ ಮಾತ್ರ ಇದು ಒಳ್ಳೆಯ ಸಲಹೆಯಲ್ಲ. ಈ ವಾದ್ಯವನ್ನು ಕೇಸಿನಲ್ಲಿ ಬೋರಲಾಗಿ ಮಲಗಿಸುತ್ತಾರೆ. ಹಾಗೆ ಮಲಗಿಸಿಯೇ ನಾಲ್ಕು ಕಾಲುಗಳನ್ನು ತಿರುಗಿಸಿ ಕೂರಿಸಿ, ಪೆಡಲ್ ಪಟ್ಟಿ ಬಿಗಿದು, ಆಮೇಲೆ ಎತ್ತಿ ಮಗುಚಿ ನಿಲ್ಲಿಸುತ್ತಾರೆ. ಎರಡು ಕೊರಳಿನ ವಾದ್ಯ ಕೇಸಿನ ಸಮೇತ 30 ಕಿಲೋ ಆಸುಪಾಸು ತೂಗಬಹುದು. ಕಾಲನ್ನು ಓರೆಯಾಗಿ ತಿರುಗಿಸಿ ಮರೆ ಹಾಳುಮಾಡುವುದು, ಸರಳುಗಳನ್ನು ಅದಲುಬದಲು ಸಿಕ್ಕಿಸುವುದು, ಎತ್ತುವಾಗ ಮೊಣಕಾಲಿನ ಲಿವರನ್ನೇ ಹಿಡಿದು ಬಾಗಿಸುವುದು, ಎಲ್ಲ ಅನಾಹುತಗಳೂ ಈ ಮಡಚುವ-ಬಿಡಿಸುವ ಗಳಿಗೆಯಲ್ಲೇ ಹೆಚ್ಚು. ಬಿಡಿಸುವ ಶ್ರಮಕ್ಕೆ ಬೇಸತ್ತು ಅಭ್ಯಾಸ ನಿಲ್ಲುವುದು ಬೇರೆ. ಮಕ್ಕಳು ಓಡಾಡದ ಮೂಲೆಯಲ್ಲಿ, ಕಿಟಕಿಯ ಬಿಸಿಲು ಬೀಳದಂತೆ ನಿಲ್ಲಿಸಿ, ನೆಲ ಮುಟ್ಟುವ ಹತ್ತಿ ಬಟ್ಟೆ ಹೊದಿಸಿದರೆ ವಾದ್ಯ ಸುರಕ್ಷಿತ, ಕಲಿಕೆಯೂ ಸಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಮಾತ್ರ ನಿಯಮ ಬೇರೆ: ಉಕ್ಕಿನ ತಂತಿಗಳು ಅಲ್ಲಿ ಬೇಗ ತುಕ್ಕು ಹಿಡಿಯುತ್ತವೆ, ಪ್ರತಿ ಸಲ ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಬೇಕು, ಕೆಲವು ದಿನ ನುಡಿಸದಿದ್ದರೆ ಸಿಲಿಕಾ ಚೀಲಗಳ ಜೊತೆ ಕೇಸಿಗೆ ಸೇರಿಸಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಎಂದೂ ಬಿಡಬಾರದು.

ಬೀಗವೊಂದೇ ರಕ್ಷಣೆಯಲ್ಲ ಎಂಬುದಕ್ಕೆ ನ್ಯಾಶ್‌ವಿಲ್ಲೇ ಸಾಕ್ಷಿ. 2010ರ ಮೇ ಮೊದಲ ವಾರ ಕಂಬರ್‌ಲ್ಯಾಂಡ್ ನದಿ ಉಕ್ಕಿದಾಗ, ನಗರದ ಹೆಸರಾಂತ ಸಂಗೀತಗಾರರು ವಾದ್ಯಗಳನ್ನು ಇಡುತ್ತಿದ್ದ ಸೌಂಡ್‌ಚೆಕ್ ಎಂಬ ಸಂಗ್ರಹಾಗಾರಕ್ಕೆ ನೀರು ನುಗ್ಗಿ ಅಪಾರ ಸಂಖ್ಯೆಯ ವಾದ್ಯಗಳು ಮುಳುಗಿದವು. ಕಳ್ಳರಿಂದ ಕಾಪಾಡಲು ಕಟ್ಟಿದ ಗೋಡೆ ನದಿಯನ್ನು ತಡೆಯಲಿಲ್ಲ. ಅಂಥ ವಿಪತ್ತಿನ ಬಳಿಕ ಪೆಡಲ್ ಸ್ಟೀಲೊಂದು ಉಳಿಯುವುದು, ಅದನ್ನು ತಕ್ಷಣ ಬಿಚ್ಚಿ, ಒಣಗಿಸಿ, ಇದ್ದಂತೆಯೇ ಜೋಡಿಸಬಲ್ಲವರು ಇದ್ದರೆ. ಇದ್ದಂತೆಯೇ ಎಂಬ ಮಾತಿಗೆ ಒತ್ತು ಕೊಡುತ್ತೇನೆ: ಯಾವ ಪೆಡಲ್ ಯಾವ ತಂತಿಯನ್ನು ಎಷ್ಟು ಬದಲಿಸಬೇಕು ಎಂಬ ವ್ಯವಸ್ಥೆ ವಾದಕರಿಂದ ವಾದಕರಿಗೆ ಬೇರೆ. ಆದ್ದರಿಂದ ಅಡಿಭಾಗದ ಫೋಟೊ ಎಲ್ಲಕ್ಕಿಂತ ಬೆಲೆಯುಳ್ಳ ದಾಖಲೆ. ಮುಂಭಾಗದ ಹೊಳೆವ ಮೇಪಲ್ ಮರವನ್ನು ಎಲ್ಲರೂ ಫೋಟೊ ತೆಗೆಯುತ್ತಾರೆ. ಒಂದೇ ಕಾರ್ಖಾನೆಯ ಎರಡು ವಾದ್ಯಗಳ ಮುಂಭಾಗ ಒಂದೇ ಥರ ಕಾಣಬಹುದು. ಅಡಿಯ ಸರಳುಗಳ ಜೋಡಣೆ, ಸವೆತದ ಗುರುತು, ಹಳೆಯ ರಿಪೇರಿಯ ಕಲೆ ಹಾಗಲ್ಲ. ಕದ್ದ ವಾದ್ಯ ಎಲ್ಲಿಯಾದರೂ ಕಂಡಾಗ ಸರಣಿ ಸಂಖ್ಯೆಯ ಜೊತೆ ಈ ಚಿತ್ರಗಳಿದ್ದರೆ ಮಾಲೀಕತ್ವ ಸಾಧಿಸುವುದು ಸುಲಭ, ವಿಮೆಯವರಿಗೂ ಇದೇ ಪುರಾವೆ. ಅಮೆರಿಕದಲ್ಲಿರುವ ಕನ್ನಡಿಗರು ಒಂದು ವಿಷಯ ಗಮನಿಸಬೇಕು: ಸಂಭಾವನೆ ಪಡೆದು ನುಡಿಸುವ ವಾದ್ಯಕ್ಕೆ ಮನೆ ವಿಮೆ ಅನೇಕ ವೇಳೆ ಅನ್ವಯಿಸುವುದಿಲ್ಲ.

ಪೆಡಲ್ ಇಲ್ಲದ ಲ್ಯಾಪ್ ಸ್ಟೀಲಿನಿಂದ ಆರಂಭಿಸುವುದು ಕ್ಷೇಮವಲ್ಲವೇ ಎಂದು ಕೇಳುವವರಿದ್ದಾರೆ. ಬಾರ್ ಹಿಡಿಯುವುದು, ಫ್ರೆಟ್ ಗೆರೆಯ ನೇರ ಮೇಲೆ ನಿಲ್ಲಿಸುವುದು, ಬಾರ್ ಹಿಂದಿನ ಬೆರಳುಗಳಿಂದ ಅನಗತ್ಯ ಮೊಳಗನ್ನು ತಡೆಯುವುದು, ಇಷ್ಟನ್ನು ಅದು ಚೆನ್ನಾಗಿ ಕಲಿಸುತ್ತದೆ, ಖರ್ಚೂ ಕಡಿಮೆ. ಕಾಲು, ಮೊಣಕಾಲು, ಎರಡು ಕೈಗಳ ಹೊಂದಾಣಿಕೆಯನ್ನು ಅದು ಕಲಿಸಲಾರದು. ಪೆಡಲ್ ಸ್ಟೀಲೇ ಬೇಕೆಂದು ನಿಶ್ಚಯಿಸಿದವರು ಮೂರು ಪೆಡಲ್, ಕನಿಷ್ಠ ನಾಲ್ಕು ಲಿವರ್ ಇರುವುದನ್ನೇ ಕೊಳ್ಳಲಿ. 1970ರ ದಶಕದ ಷೋ-ಬಡ್ ಮ್ಯಾವರಿಕ್‌ನಂಥ ವಿದ್ಯಾರ್ಥಿ ಮಾದರಿಗಳು ಅಗ್ಗವಾಗಿ ಸಿಕ್ಕರೂ ಅವುಗಳಲ್ಲಿ ಒಂದೇ ಲಿವರ್. ಮೇಲೆ ಹೇಳಿದ ಮೂರು ಮನೆಗಳ ಓಡಾಟವೇ ಅದರಲ್ಲಿ ಕುಂಟುತ್ತದೆ. ಅಮೆರಿಕದಿಂದ ತರುವವರು ಆಂಪ್ಲಿಫೈಯರಿನ ವೋಲ್ಟೇಜನ್ನೂ ನೋಡಬೇಕು: ಅಲ್ಲಿನ 120 ವೋಲ್ಟಿನ ಆಂಪನ್ನು ನಮ್ಮ 230 ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಮೂರನೆಯ ತಂತಿ ಎಲ್ಲಕ್ಕಿಂತ ಬೇಗ ತುಂಡಾಗುತ್ತದೆ, ಅದರ ಕೆಲವು ಹೆಚ್ಚುವರಿ ಎಳೆಗಳನ್ನು ಜೊತೆಗೇ ತರಿಸಿಕೊಳ್ಳಿ. ಇನ್ನು ಹಳೆಯ ವಾದ್ಯ ಕೊಳ್ಳಲು ಹೋದಾಗ ಅದರ ಬಣ್ಣ, ಹೊಳಪು, ಹೆಸರುಗಳಿಗೆ ಮನಸೋಲುವ ಮುನ್ನ ಅದನ್ನು ಬೋರಲಾಗಿಸಿ ತೋರಿಸಲು ಕೇಳಿ. ಒಂದೊಂದು ಪೆಡಲನ್ನೂ ಒತ್ತಿ, ಸರಳುಗಳು ಸಲೀಸಾಗಿ ಮರಳುತ್ತವೆಯೇ ನೋಡಿ. ಮಾರುವವರು ಅದಕ್ಕೆ ಒಪ್ಪದಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಆ ವಾದ್ಯವನ್ನು ಕೊಳ್ಳಬೇಡಿ.