‘ವಾಲ್ಟ್ಸ್’ ಎಂಬ ಮಾತು

ಐರೋಪ್ಯ ಕಾದಂಬರಿಗಳನ್ನು ಕನ್ನಡಿಸುವವರಿಗೆ ‘ವಾಲ್ಟ್ಸ್’ ಎಂಬ ಮಾತು ಎದುರಾದೊಡನೆ ‘ನರ್ತನ’ವೆಂದು ಬರೆದು ಮುಂದೆ ಸಾಗುವ ಆಸೆಯಾಗುವುದು ಸಹಜ. ಹಾಗೆ ಮಾಡಿದರೆ ಕತೆಯ ಕೀಲೊಂದು ಕಳಚಿಹೋಗುತ್ತದೆಂದು ನನ್ನ ಅಭಿಪ್ರಾಯ.

ಪದ ಜರ್ಮನ್ ಮೂಲದ್ದು. ‘ವಾಲ್ಟ್‌ಸನ್’ ಎಂದರೆ ಉರುಳು, ಸುತ್ತು. ಲ್ಯಾಟಿನ್ನಿನ ‘ವೋಲ್ವೆರೆ’ ಇದರ ನಂಟು. ಸಂಸ್ಕೃತದ ‘ವಲ್’ ಧಾತುವನ್ನೂ ಭಾಷಾಶಾಸ್ತ್ರಜ್ಞರು ಇದೇ ಮನೆತನಕ್ಕೆ ಸೇರಿಸುತ್ತಾರೆ. ತಾಳ ಮೂರರದು, ಒತ್ತು ಮೊದಲ ಪೆಟ್ಟಿನ ಮೇಲೆ. ಉತ್ಸಾಹ ರಗಳೆಯ ಮೂರು ಮಾತ್ರೆಯ ಗಣಗಳಿಗೆ ಒಗ್ಗಿದ ಕಿವಿಗೆ ಈ ನಡೆ ಬೇಗ ಹಿಡಿಸೀತು. (ಆಸ್ಟ್ರೇಲಿಯದ ಹೆಸರಾಂತ ‘ವಾಲ್ಟ್ಸಿಂಗ್ ಮಟಿಲ್ಡ’ದಲ್ಲಿ ಮಾತ್ರ ಕುಣಿತವೇ ಇಲ್ಲ, ಅಲೆಮಾರಿಯೊಬ್ಬ ಬಟ್ಟೆಗಂಟು ಹೊತ್ತು ಊರೂರು ಸುತ್ತುವುದೇ ಅಲ್ಲಿನ ಅರ್ಥ.)

ಆದರೆ ಈ ಪದದ ಜೀವ ಅದರ ಧಾತುವಿಗಿಂತ ಅದರ ಹಿಡಿತದಲ್ಲಿದೆ. ದರ್ಬಾರಿನ ‘ಮಿನುಯೆಟ್’ನಲ್ಲಿ ಜೊತೆಗಾರರು ಕೈ ಹಿಡಿದರೂ ಮೈ ದೂರವೇ. ವಾಲ್ಟ್ಸಿನಲ್ಲಿ ಗಂಡು ಹೆಣ್ಣಿನ ನಡುವನ್ನು ಬಳಸಿ, ಇಬ್ಬರೂ ಒಂದಾಗಿ ಸುತ್ತುತ್ತಾರೆ. ಗದ್ದಲವೆದ್ದುದು ಇದಕ್ಕಾಗಿಯೇ. ಶೀಲೋಪದೇಶಕ್ಕೇನೂ ಹೆಸರಾಗಿರದ ಬೈರನ್ ಸಹ 1813ರಲ್ಲಿ ಹೆಸರು ಮರೆಸಿ ಇದರ ಮೇಲೊಂದು ವಿಡಂಬನ ಕಾವ್ಯವನ್ನು ಹೊರತಂದ. 1816ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಖಂಡಿಸಿ ಬರೆಯಿತು.

ಗಯಟೆಯ ‘ವೆರ್ಥರ್’ (1774) ನೋಡಿ. ಲೊಟ್ಟೆಯ ಎರಡನೆಯ ಸರದಿ ಇನ್ನೊಬ್ಬನ ಪಾಲೆಂದಾಗ ನಾಯಕ ಗೊಣಗುವುದಿಲ್ಲ. ವಾಲ್ಟ್ಸ್ ಆಡಿದ ಮೇಲಾದರೋ, ತಾನು ಒಲಿದ ಹೆಣ್ಣು ಬೇರೆ ಯಾರೊಡನೆಯೂ ಇದನ್ನು ಆಡಕೂಡದೆಂದು ಆಣೆಯಿಡುತ್ತಾನೆ. ಎರಡೂ ಕಡೆ ‘ಕುಣಿತ’ವೆಂದೇ ಬರೆದರೆ ಆ ಆಣೆಗೆ ಅರ್ಥವೆಲ್ಲಿ? ಬಡಪಾಯಿ ಬರಿಯ ಹೊಟ್ಟೆಕಿಚ್ಚಿನವನಾಗುತ್ತಾನೆ. ಫ್ಲೊಬೇರನ ‘ಮದಾಂ ಬೋವರಿ’ಯಲ್ಲಿ ಸಂಗತಿ ಇನ್ನೂ ಆಳ. ವಾಲ್ಟ್ಸ್ ಬಾರದ ಎಮ್ಮ ಶ್ರೀಮಂತನೊಬ್ಬನ ತೋಳಿನಲ್ಲಿ ತಿರುಗುತ್ತಾಳೆ. ದೀಪ, ಗೋಡೆ, ನೆಲ ಎಲ್ಲವೂ ಸುತ್ತತೊಡಗುತ್ತವೆ. ಆ ತಲೆಸುತ್ತು ಹಳ್ಳಿಯ ಮನೆಗೆ ಮರಳಿದ ಮೇಲೂ ಇಳಿಯುವುದಿಲ್ಲ. ‘ಎಮ್ಮ ನರ್ತಿಸಿದಳು’ ಎಂದು ಓದಿದ ನನ್ನ ವಿದ್ಯಾರ್ಥಿಗಳ ಕಣ್ಣಿಗೆ ಗೆಜ್ಜೆ ಕಟ್ಟಿ ಒಂಟಿಯಾಗಿ ನಿಂತ ಹೆಣ್ಣು ಬಂದರೆ ತಪ್ಪು ಅವರದಲ್ಲ.

‘ಸುತ್ತುಕುಣಿತ’ವೆಂದು ಹೊಸಪದ ಕಟ್ಟಬಹುದಲ್ಲ ಎನ್ನುವವರಿದ್ದಾರೆ. ಅದು ಕೋಲಾಟವನ್ನು ನೆನಪಿಗೆ ತರುತ್ತದೆ. ಅಲ್ಲಿ ಬಳಗವೆಲ್ಲ ಸುತ್ತುತ್ತದೆ, ಇಲ್ಲಿ ಇಬ್ಬರೇ. ‘ವಾಲ್ಟ್ಸ್’ ಎಂದೇ ಉಳಿಸಿ, ಮೊದಲ ಸಲ ಬಂದೆಡೆ ‘ನಡು ಬಳಸಿ ಆಡುವ’ ಎಂದೊಂದು ವಿಶೇಷಣವನ್ನು ವಾಕ್ಯದೊಳಗೇ ಸೇರಿಸಿದರೆ ಸಾಕು. ಅಡಿಟಿಪ್ಪಣಿ ಬೇಡ, ತಲೆ ಸುತ್ತುತ್ತಿರುವ ಎಮ್ಮಳನ್ನು ಬಿಟ್ಟು ಪುಟದ ಕೆಳಗೆ ಇಳಿಯಲು ಯಾವ ಓದುಗನಿಗೂ ಮನಸ್ಸು ಬಾರದು.