ಅಕ್ಕಪಕ್ಕದ ಭಾಷಣಗಳು

ಕಾರ್ಕಳದ ಅತ್ತೂರಿನಲ್ಲಿ ಪ್ರತಿ ಜನವರಿಯಲ್ಲಿ ಸಂತ ಲಾರೆನ್ಸರ ಹಬ್ಬ ನಡೆಯುತ್ತದೆ. ಮೊಂಬತ್ತಿ ಹಚ್ಚಲು ನಿಲ್ಲುವವರಲ್ಲಿ ಕ್ರೈಸ್ತರೆಷ್ಟು, ಇತರರೆಷ್ಟು ಎಂದು ಯಾರೂ ಲೆಕ್ಕ ಇಡುವುದಿಲ್ಲ. 2016ರಲ್ಲಿ ಇಗರ್ಜಿಗೆ ಬಸಿಲಿಕಾ ಪದವಿ ದೊರೆತರೂ ಊರವರ ಬಾಯಲ್ಲಿ ಆ ಹಬ್ಬ ಸಾಂತ್‌ಮಾರಿಯೇ. ಸೌಹಾರ್ದಕ್ಕೆ ಉದಾಹರಣೆ ಬೇಕಾದಾಗಲೆಲ್ಲ ನಮ್ಮ ಭಾಷಣಕಾರರು ಅತ್ತೂರನ್ನು ನೆನೆಯುತ್ತಾರೆ. ಆದರೆ ಒಟ್ಟಿಗೆ ಮೊಂಬತ್ತಿ ಹಚ್ಚುವುದು ಬೇರೆ, ಕಹಿಯಾದ ವಿಷಯವನ್ನು ಎದುರೆದುರು ಕುಳಿತು ಮಾತಾಡುವುದು ಬೇರೆ.

ಈ ಎರಡನೆಯದರ ಬಗ್ಗೆ ಗಂಭೀರವಾಗಿ ಚಿಂತಿಸಿದ ಕ್ರೈಸ್ತ ಬರಹವೊಂದಿದೆ. ಪೋಪ್ ಫ್ರಾನ್ಸಿಸ್ 2020ರ ಅಕ್ಟೋಬರ್ 3ರಂದು ಅಸ್ಸಿಸಿಯಲ್ಲಿ ಸಹಿ ಹಾಕಿದ ‘ಫ್ರತೆಲ್ಲಿ ತುತ್ತಿ’ ಎಂಬ ಸುದೀರ್ಘ ಪತ್ರ ಅದು. 2019ರಲ್ಲಿ ಅಬುಧಾಬಿಯಲ್ಲಿ ಅಲ್ ಅಝ್ಹರ್‌ನ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಅವರ ಜೊತೆಗಾದ ಭೇಟಿ ತನಗೆ ಪ್ರೇರಣೆ ಎಂದು ಪೋಪ್ ಅದರಲ್ಲೇ ಬರೆದಿದ್ದಾರೆ. ಆರನೆಯ ಅಧ್ಯಾಯ ಇಡಿಯಾಗಿ ಸಂವಾದದ ಕುರಿತದ್ದು. ಜಾಲತಾಣಗಳ ಬಿಸಿಬಿಸಿ ಅಭಿಪ್ರಾಯಗಳನ್ನು ನಾವು ಸಂವಾದವೆಂದು ತಿಳಿದಿದ್ದೇವೆ, ನಿಜವಾಗಿ ಅವು ಒಂದರ ಪಕ್ಕ ಒಂದು ಸಾಗುವ ಸ್ವಗತಗಳು ಎಂಬುದು ಅಲ್ಲಿನ ವಾದ. ಅದನ್ನು ಓದುವಾಗ ನಮಗೆ ನೆನಪಾದದ್ದು ಜಾಲತಾಣವಲ್ಲ, ಉಡುಪಿ-ಮಣಿಪಾಲದ ಕಡೆಯ ಸೌಹಾರ್ದ ಕೂಟಗಳು. ಸ್ವಾಮೀಜಿ, ಪಾದ್ರಿ, ಮೌಲವಿ ಮೂವರೂ ತಮ್ಮ ಧರ್ಮ ಶಾಂತಿಯನ್ನೇ ಬೋಧಿಸುತ್ತದೆ ಎಂದು ಹತ್ತು ಹತ್ತು ನಿಮಿಷ ಹೇಳುತ್ತಾರೆ. ಆಮೇಲೆ ಶಾಲು, ಫೋಟೋ, ಚಹಾ. ಒಬ್ಬರು ಇನ್ನೊಬ್ಬರನ್ನು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಚಪ್ಪಾಳೆ ತಟ್ಟುವವರಲ್ಲಿ ನಾವೂ ಇದ್ದೆವೆನ್ನಿ.

2022ರ ಮಾರ್ಚ್‌ನಲ್ಲಿ ಕಾಪುವಿನ ಹೊಸ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿಯ ಜಾಗ ಸಿಗಲಿಲ್ಲ. ಕಾಪುವಿನ ಮಾರಿಗುಡಿಯಲ್ಲಿ ಮುಸ್ಲಿಂ ಕುಟುಂಬವೊಂದು ತಲೆಮಾರುಗಳಿಂದ ನಾದಸ್ವರ ನುಡಿಸುತ್ತ ಬಂದಿದೆ. ನಾದಸ್ವರ ಬೇಕು, ಅಂಗಡಿ ಬೇಡ! ಇಂಥಲ್ಲಿ ಮೃದುವಾದ ಮಾತು ಎಷ್ಟು ದೂರ ನಡೆದೀತು? ಪೋಪರ ಪತ್ರ ಈ ಪ್ರಶ್ನೆಯಿಂದ ಪೂರ್ತಿ ತಪ್ಪಿಸಿಕೊಳ್ಳುವುದಿಲ್ಲ. ಕ್ಷಮೆಯೆಂದರೆ ಹಕ್ಕು ಬಿಟ್ಟುಕೊಡುವುದಲ್ಲ, ತುಳಿತಕ್ಕೊಳಗಾದವನು ತನ್ನ ಘನತೆಗಾಗಿ ನಿಲ್ಲಲೇಬೇಕು ಎನ್ನುತ್ತದೆ ಏಳನೆಯ ಅಧ್ಯಾಯ. 2008ರ ಸೆಪ್ಟೆಂಬರಿನಲ್ಲಿ ಪ್ರಾರ್ಥನಾಲಯಗಳ ಮೇಲಿನ ದಾಳಿ ಕಂಡ ಕರಾವಳಿಯ ಕ್ರೈಸ್ತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಮಾತಾಡುವ ಅಗತ್ಯವೇ ತನಗಿಲ್ಲ ಎಂದುಕೊಂಡವನನ್ನು ಚಾವಡಿಗೆ ಕರೆತರುವ ಬಗೆ ಹೇಗೆಂಬುದಕ್ಕೆ ಪತ್ರದಲ್ಲಿ ನಮಗೆ ಸಮಾಧಾನದ ಉತ್ತರ ಸಿಗಲಿಲ್ಲ.

ಇನ್ನೊಂದು ತಕರಾರು ಶೀರ್ಷಿಕೆಯದು. ‘ಎಲ್ಲ ಸಹೋದರರೇ’ ಎಂದರೆ ಸಹೋದರಿಯರೆಲ್ಲಿ ಎಂದು ಪತ್ರ ಹೊರಬರುವ ಮೊದಲೇ ಕ್ರೈಸ್ತ ಮಹಿಳೆಯರು ಕೇಳಿದ್ದರು. ಒಳಗೆ ಸ್ತ್ರೀಯರ ಸಮಾನ ಘನತೆಯ ಮಾತಿದೆ, ನಿಜ. ಆದರೂ ಉಡುಪಿಯಲ್ಲಿ ಕುಳಿತು ಓದುವಾಗ ಆ ಪ್ರಶ್ನೆ ಚುಚ್ಚುತ್ತದೆ. 2021ರ ಕೊನೆಗೆ ಇಲ್ಲಿನ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರು ತರಗತಿಯ ಹೊರಗೆ ನಿಂತರು. ಅವರ ಬಟ್ಟೆಯ ಬಗ್ಗೆ ಟಿವಿಯಲ್ಲಿ ಸಹೋದರರು ರಾತ್ರಿಯಿಡೀ ಮಾತಾಡಿದರು. 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಡುವ ಹೊತ್ತಿಗೆ ಆ ವರ್ಷದ ಪರೀಕ್ಷೆಗಳು ಮುಗಿದುಹೋಗಿದ್ದವು.